ಅಪ್‌ಡೇಟ್: ಅಮೆರಿಕದ ಕಾಲೇಜು ಅರ್ಜಿಯ ಪ್ರಬಂಧ ಮತ್ತು ಎಐ
ತಂಗಿಯ ಕಾಮನ್ ಆ್ಯಪ್ (ಹಲವು ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕುವ ವೆಬ್‌ಸೈಟ್) ಪ್ರಬಂಧಕ್ಕೆ ಚಾಟ್‌ಜಿಪಿಟಿ ಬಳಸೋದು ಎಷ್ಟರ ಮಟ್ಟಿಗೆ ಸರಿ ಅಂತ ಕೇಳಿದ್ದೆ. ಕೈಹಿಡಿದದ್ದು "ಆಯಾ ಕಾಲೇಜಿನ ನಿಯಮ ಓದಿ" ಅನ್ನೋ ಸಲಹೆ. ಹೇಳಿದವರಿಗೆ ತುಂಬಾ ಥ್ಯಾಂಕ್ಸ್.

ಎಐ ಬರೆದದ್ದನ್ನು ಸ್ವಂತದ್ದೆಂದು ಕೊಟ್ಟರೆ ಕಾಮನ್ ಆ್ಯಪ್ 2023ರಿಂದ ವಂಚನೆ ಅಂತಲೇ ಪರಿಗಣಿಸುತ್ತೆ. ಕ್ಯಾಲ್‌ಟೆಕ್ (ಕ್ಯಾಲಿಫೋರ್ನಿಯಾದ ವಿಜ್ಞಾನ-ತಂತ್ರಜ್ಞಾನ ವಿಶ್ವವಿದ್ಯಾಲಯ) ನಿಯಮ ಇನ್ನೂ ಸ್ಪಷ್ಟ: ಬರೆದಾದ ಮೇಲೆ ಎಐನಿಂದ ಸ್ಪೆಲ್ಲಿಂಗ್, ವ್ಯಾಕರಣ ನೋಡಿಸಬಹುದು, ಚೌಕಟ್ಟು, ಕರಡು ಮಾಡಿಸುವಂತಿಲ್ಲ. ಅಚ್ಚರಿಯಾಗಿದ್ದು ಏನಂದ್ರೆ, ಕನ್ನಡದಲ್ಲಿ ಬರೆದು ಎಐನಿಂದ ಇಂಗ್ಲಿಷ್‌ಗೆ ಅನುವಾದ ಮಾಡಿಸೋದೂ ಅಲ್ಲಿ ತಪ್ಪು.

"ಡಿಟೆಕ್ಟರ್‌ಗೆ (ಎಐ ಬರೆದದ್ದಾ ಅಂತ ಪತ್ತೆಹಚ್ಚುವ ಟೂಲ್) ಹಾಕಿ ನೋಡಿ" ಅನ್ನೋ ಸಲಹೆ ಉಪಯೋಗಕ್ಕೆ ಬರಲಿಲ್ಲ. ಅವಳೇ ಕೂತು ಬರೆದ ಪ್ಯಾರಾವನ್ನೂ ಎಐ ಅಂತ ತೋರಿಸ್ತು. ಇಂಗ್ಲಿಷ್ ಎರಡನೇ ಭಾಷೆಯಾದವರಿಗೆ ಇದು ಹೆಚ್ಚು, ಸರಳ ಪದಗಳೇ ಮತ್ತೆ ಮತ್ತೆ ಬರ್ತವಲ್ಲ. ಹಾಗಾಗಿ ಗೂಗಲ್ ಡಾಕ್ಸ್‌ನಲ್ಲೇ ಬರೆಯಿರಿ, ವರ್ಷನ್ ಹಿಸ್ಟರಿ (ಹಂತ ಹಂತವಾಗಿ ಬರೆದದ್ದರ ದಾಖಲೆ) ಉಳಿಯುತ್ತೆ. ಕಾಮನ್ ಆ್ಯಪ್ ಪ್ರಬಂಧದ ಮಿತಿಯಾದ 650 ಪದಕ್ಕೆ ಇಳಿಸೋದನ್ನೂ ನೀವೇ ಮಾಡಿ. ಎಐಗೆ ಕೊಟ್ಟರೆ ಊರಿನ ಹೆಸರು, ಅಜ್ಜಿಯ ಮಾತಿನಂಥ ವಿವರಗಳೇ ಮೊದಲು ಹಾರಿಹೋಗ್ತವೆ.