ಸಹಾಯ ಬೇಕು: ಪ್ರವಾಹ ನಕ್ಷೆಗೆ ಫೆಮಾ ಅನುದಾನ ಪಡೆದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾನು ಅಮೆರಿಕದ ಒಂದು ಚಿಕ್ಕ ಕೌಂಟಿಯ ಯೋಜನಾ ವಿಭಾಗದಲ್ಲಿದ್ದೇನೆ. ನಮ್ಮ ಪ್ರವಾಹ ನಕ್ಷೆ ತುಂಬಾ ಹಳೆಯದು. ಆಮೇಲೆ ಎದ್ದ ಬಡಾವಣೆ, ರಸ್ತೆ, ಪಾರ್ಕಿಂಗ್ ಜಾಗ ಯಾವುದೂ ಅದರ ಲೆಕ್ಕದಲ್ಲಿಲ್ಲ. ಮೊದಲು ನೆಲಕ್ಕೆ ಇಂಗುತ್ತಿದ್ದ ನೀರು ಈಗ ನೇರ ಹಳ್ಳಕ್ಕೆ ಹೋಗುತ್ತದೆ. ಆದರೂ ವಿಮೆ, ಕಟ್ಟಡದ ಪರವಾನಗಿ ಎಲ್ಲ ಆ ನಕ್ಷೆ ನೋಡಿಯೇ ನಡೆಯಬೇಕು!

ಅಮೆರಿಕದ ಕೇಂದ್ರ ವಿಪತ್ತು ನಿರ್ವಹಣಾ ಸಂಸ್ಥೆಯಾದ ಫೆಮಾದ 'ಕೋಆಪರೇಟಿಂಗ್ ಟೆಕ್ನಿಕಲ್ ಪಾರ್ಟ್‌ನರ್ಸ್' ಯೋಜನೆಯಲ್ಲಿ ಸ್ಥಳೀಯ ಆಡಳಿತವೇ ನಕ್ಷೆ ಕೆಲಸ ವಹಿಸಿಕೊಳ್ಳಬಹುದು, ಅನುದಾನವೂ ಇದೆ. ರಾಷ್ಟ್ರೀಯ ಪ್ರವಾಹ ವಿಮಾ ಯೋಜನೆಗೆ ಸೇರಿರಬೇಕು, ನಾವು ಸೇರಿದ್ದೇವೆ. 1999ರ ಫ್ಲಾಯ್ಡ್ ಚಂಡಮಾರುತದ ನಂತರ ನಾರ್ತ್ ಕ್ಯಾರೊಲಿನಾ ಇದೇ ದಾರಿ ಹಿಡಿದು ಇಡೀ ರಾಜ್ಯವನ್ನು, ವಿಮಾನದಿಂದ ಲೇಸರ್ ಬಿಟ್ಟು ನೆಲದ ಎತ್ತರ ಅಳೆಯುವ ಲೈಡಾರ್‌ನಿಂದ ಅಳೆಸಿತು. ಆದರೆ ನಮ್ಮಲ್ಲಿರುವುದು ಒಬ್ಬನೇ ಜಿಐಎಸ್ (ಕಂಪ್ಯೂಟರ್ ನಕ್ಷೆ) ಹುಡುಗ, ಅವನೂ ಅರ್ಧ ದಿನ ಮಾತ್ರ.

ಇಷ್ಟು ಕಡಿಮೆ ಜನರಿರುವಾಗ ಪಾಲುದಾರಿಕೆ ಒಪ್ಪಂದಕ್ಕೆ ನಮ್ಮ ತಾಂತ್ರಿಕ ಸಾಮರ್ಥ್ಯ ಹೇಗೆ ತೋರಿಸುವುದು? ನೀರಿನ ಮಟ್ಟದ ಲೆಕ್ಕಾಚಾರವನ್ನು ಹೊರಗಿನ ಎಂಜಿನಿಯರ್‌ಗಳಿಗೆ ಕೊಟ್ಟು, ಊರವರ ಜೊತೆಗಿನ ಸಭೆಗಳನ್ನಷ್ಟೇ ನಾವು ಇಟ್ಟುಕೊಂಡರೆ ನಡೆಯುತ್ತಾ? ನನಗಂತೂ ಅದೇ ಸರಿ ಅನ್ನಿಸುತ್ತದೆ. ಮನೆ ಹೊಸದಾಗಿ ಅಪಾಯ ವಲಯಕ್ಕೆ ಬಿದ್ದರೆ ಜನ ಬಂದು ಕೇಳುವುದು ನಮ್ಮನ್ನೇ ಅಲ್ವಾ?

ಯಾವ ನಕ್ಷೆ ಕೆಲಸವನ್ನು ಯಾರು ಮಾಡುತ್ತಾರೆ ಎಂದು ಬರೆದುಕೊಡುವ 'ಮ್ಯಾಪಿಂಗ್ ಆಕ್ಟಿವಿಟಿ ಸ್ಟೇಟ್‌ಮೆಂಟ್' ಬರೆದ ಅನುಭವ ಇರುವವರು ದಯವಿಟ್ಟು ತಿಳಿಸಿ. ಹಳೆಯ ಪ್ರತಿ ಇದ್ದರೆ ಇನ್ನೂ ಒಳ್ಳೆಯದು.