ಪೀಣ್ಯದ ಬೋರ್ ನೀರು: ಮೀಟರ್‌ನಲ್ಲಿ 480 ಬಂದರೆ ಕುಡಿಯಬಹುದಾ?

ಕೇಳಿದ್ದು: ಪೀಣ್ಯದ ಹತ್ತಿರ ಬಾಡಿಗೆಗೆ ಬಂದು ಎರಡು ತಿಂಗಳಾಯಿತು. ಬೋರ್ ನೀರೇ ಗತಿ. ಓನರ್ ಟಿಡಿಎಸ್ ಮೀಟರ್ ಅದ್ದಿ, 480 ತೋರಿಸಿ "ನೀರು ಫಸ್ಟ್ ಕ್ಲಾಸ್" ಅಂದರು. ಹಿಂದಿನ ಬೀದಿಯಲ್ಲೇ ಲೋಹಕ್ಕೆ ಲೇಪ ಹಾಕುವ ಪ್ಲೇಟಿಂಗ್ ಶೆಡ್‌ಗಳಿವೆ, ಮನೆಯಲ್ಲಿ ಚಿಕ್ಕ ಮಗು ಇದೆ. ಯಾವ ಟೆಸ್ಟ್ ಮಾಡಿಸಲಿ?

ದಾಸರಹಳ್ಳಿಯಿಂದ: ಅಕ್ಕ, ಆ ಮೀಟರ್ ಹೇಳುವುದು ನೀರಿನಲ್ಲಿ ಒಟ್ಟು ಎಷ್ಟು ಕರಗಿದೆ ಅಂತ ಮಾತ್ರ. ಏನು ಕರಗಿದೆ ಅಂತ ಅಲ್ಲ. ಪೀಣ್ಯದ ಅಂತರ್ಜಲದ ಹಳೇ ತಲೆನೋವು ಕ್ರೋಮಿಯಂ, ಪ್ಲೇಟಿಂಗ್‌ನದು. ಕುಡಿಯುವ ನೀರಿನ ಮಾನದಂಡ ಐಎಸ್ 10500ರಲ್ಲಿ ಅದಕ್ಕೆ ಮಿತಿ ಲೀಟರಿಗೆ 0.05 ಮಿಲಿಗ್ರಾಂ. ಅದರ ಹತ್ತು ಪಟ್ಟು ಇದ್ದರೂ ನಿಮ್ಮ 480 ಅಲುಗುವುದಿಲ್ಲ.

ನಾನೂ ಎಡವಿದ್ದೆ. ಲ್ಯಾಬ್‌ಗೆ ಹೋಗಿ ಸುಮ್ನೆ "ಕುಡಿಯುವ ನೀರಿನ ಟೆಸ್ಟ್" ಅಂದೆ. ಗಡಸುತನ, ಕ್ಲೋರೈಡ್, ನೈಟ್ರೇಟ್, ಕಬ್ಬಿಣ ಎಲ್ಲ ಬಂತು, ಕ್ರೋಮಿಯಂ ಇಲ್ಲ. ಕೇಳಿದರೆ "ನೀವು ಹೇಳಲೇ ಇಲ್ಲವಲ್ಲ ಸರ್" ಅಂದರು! ಎರಡನೇ ಸಲ ಚೀಟಿಯಲ್ಲಿ ಬರೆದುಕೊಂಡು ಹೋದೆ: ಒಟ್ಟು ಕ್ರೋಮಿಯಂ, ಹೆಕ್ಸಾವೇಲೆಂಟ್ ಕ್ರೋಮಿಯಂ (ಕ್ರೋಮಿಯಂನ ಹೆಚ್ಚು ವಿಷಕಾರಿ ರೂಪ), ನಿಕಲ್, ಸೀಸ, ಕ್ಯಾಡ್ಮಿಯಂ. ಲ್ಯಾಬ್‌ಗೆ ಎನ್‌ಎಬಿಎಲ್ (ಲ್ಯಾಬ್‌ಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದ್ದರೆ ಸಾಲದು, ಈ ಪರೀಕ್ಷೆಗಳಿಗೂ ಇದೆಯಾ ಕೇಳಿ.

ಲ್ಯಾಬ್‌ನಲ್ಲಿ ಕೆಲಸ ಮಾಡುವವಳು: ಬಿಸ್ಲೇರಿ ಬಾಟಲಿಯಲ್ಲಿ ತರಬೇಡಿ, ನಾವೇ ಬಾಟಲಿ ಕೊಡುತ್ತೇವೆ. ಲೋಹದ ಟೆಸ್ಟ್‌ನ ಬಾಟಲಿಯ ತಳದಲ್ಲಿ ನಾಲ್ಕು ಹನಿ ನೈಟ್ರಿಕ್ ಆಸಿಡ್ ಇರುತ್ತದೆ. ಜನ ಅದನ್ನೇ ಕೊಳೆ ಅಂದುಕೊಂಡು ತೊಳೆದು ತರುತ್ತಾರೆ! ತೊಳೆಯಬೇಡಿ, ಕೈಗೂ ತಾಗಿಸಿಕೊಳ್ಳಬೇಡಿ. ಹೆಕ್ಸಾವೇಲೆಂಟ್‌ಗೆ ಆಸಿಡ್ ಇಲ್ಲದ ಬೇರೆ ಬಾಟಲಿ. ಅದನ್ನು ಐಸ್‌ನಲ್ಲಿಟ್ಟು ಅದೇ ದಿನ ತಲುಪಿಸಿ. ಮೋಟಾರ್ ಹಾಕಿ ಹದಿನೈದು ನಿಮಿಷ ಬಿಟ್ಟು, ನೀರು ಸಂಪ್ ತೊಟ್ಟಿಗೆ ಬೀಳುವ ಮೊದಲೇ ಹಿಡಿಯಿರಿ.

ನಾಗಸಂದ್ರದಿಂದ: ಒಂದು ಸೇರಿಸುತ್ತೇನೆ. ನಮ್ಮ ರಿಪೋರ್ಟ್‌ನಲ್ಲಿ ಕ್ರೋಮಿಯಂ ಮುಂದೆ "ಬಿಡಿಎಲ್" ಅಂತಿತ್ತು, ಅಂದರೆ ಅವರ ಯಂತ್ರಕ್ಕೆ ಸಿಕ್ಕಿಲ್ಲ ಅಂತ. ಖುಷಿಪಟ್ಟೆವು. ಆಮೇಲೆ ನೋಡಿದರೆ ಆ ಯಂತ್ರ 0.1ಕ್ಕಿಂತ ಕಡಿಮೆ ಇದ್ದರೆ ಹಿಡಿಯುವುದೇ ಇಲ್ಲ. ಮಿತಿ 0.05 ಇರುವಾಗ ಆ ರಿಪೋರ್ಟ್ ಇಟ್ಟುಕೊಂಡು ಏನು ಮಾಡುವುದು? ದುಡ್ಡು ಕೊಡುವ ಮೊದಲೇ ಎಷ್ಟರವರೆಗೆ ಹಿಡಿಯುತ್ತದೆ ಅಂತ ಕೇಳಿ. ರಿಪೋರ್ಟ್ ಬರುವವರೆಗೆ ಮಗುವಿಗೆ ಕಾವೇರಿ ನೀರು ಎಲ್ಲಾದರೂ ಹಿಡಿದು ತನ್ನಿ. ಬೋರ್ ನೀರು ಕುದಿಸಿದರೆ ಲೋಹ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನೂ ಜಾಸ್ತಿ ಆಗುತ್ತದೆ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ನಾಳೆಯೇ ಬಾಟಲಿ ತರುತ್ತೇನೆ. ಮೋಟಾರ್ ರೂಮಿನ ಕೀಲಿ ಮಾತ್ರ ಓನರ್ ಹತ್ತಿರ ಇದೆ. ಏನು ನೆಪ ಹೇಳಲಿ?