ಅರ್ಧ ಮನ್ನಾದ ಲೆಕ್ಕ

ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಒಂದು ರಾತ್ರಿ ನಡೆದ ಮಾತು ಇದು. ಅಣ್ಣ, ಅತ್ತಿಗೆ ಇಬ್ಬರೂ ಒಪ್ಪಿದ ಮೇಲೆ ಹಾಕುತ್ತಿದ್ದೇನೆ. ನನ್ನ ಫೋನಿನಲ್ಲಿ ಯಾರ ಹೆಸರು ಹೇಗಿದೆಯೋ ಹಾಗೇ ಇಟ್ಟಿದ್ದೇನೆ. ಸಾಲದ ವಿಷಯವನ್ನು ಮನೆಯವರ ಮುಂದೆ ಎತ್ತಲಾಗದೆ ಒದ್ದಾಡುತ್ತಿರುವವರು ಯಾರಾದರೂ ಓದಲಿ ಅನ್ನುವುದು ನನ್ನ ಆಸೆ.

ಅಣ್ಣ: (ಫಾರ್ವರ್ಡ್ ಮಾಡಿದ ಪೋಸ್ಟರ್) "ಸಾಲದ ಚಿಂತೆ ಬಿಡಿ! ಇಂದಿನಿಂದಲೇ ಕಂತು ಕಟ್ಟುವುದನ್ನು ನಿಲ್ಲಿಸಿ. ನಿಮ್ಮ ಪರವಾಗಿ ನಾವು ಮಾತಾಡುತ್ತೇವೆ. ಅರ್ಧ ಸಾಲ ಮನ್ನಾ! ಡೆಟ್ ಮ್ಯಾನೇಜ್‌ಮೆಂಟ್ ಪ್ಲ್ಯಾನ್, ತಿಂಗಳಿಗೆ ಒಂದೇ ಕಂತು."

ಅಣ್ಣ: ಇದರ ಬಗ್ಗೆ ಯಾರಿಗಾದರೂ ಗೊತ್ತಾ? ಸೇರೋಣ ಅಂತಿದ್ದೇನೆ.

ಅಕ್ಕ: ಯಾರಿಗೋಸ್ಕರ? ನಿನಗಾ?

ಅಣ್ಣ: ಹೌದು.

ಚಿಕ್ಕಪ್ಪ: ಇದೆಲ್ಲ ಮೋಸ. ಡಿಲೀಟ್ ಮಾಡು. ಸಾಲ ಎಷ್ಟಿದೆ ಅಂತ ಹೇಳು. ಒಂದು ದೊಡ್ಡ ಲೋನ್ ತೆಗೆದು ಚಿಲ್ಲರೆ ಸಾಲ ಎಲ್ಲ ಮುಚ್ಚಿಬಿಡು. ಒಂದೇ ಕಡೆ ಕಟ್ಟಿಕೊಂಡು ಹೋದರೆ ಆಯ್ತು.

ನಾನು: ಚಿಕ್ಕಪ್ಪ, ಎಲ್ಲವನ್ನೂ ಮೋಸ ಅನ್ನಬೇಡಿ. ಆ ಪೋಸ್ಟರಿನವರು ಎರಡು ಬೇರೆ ಬೇರೆ ದಾರಿಗಳಿಗೆ ಒಂದೇ ಹೆಸರು ಹಾಕಿದ್ದಾರೆ. ನಿಜವಾದ ಡೆಟ್ ಮ್ಯಾನೇಜ್‌ಮೆಂಟ್ ಪ್ಲ್ಯಾನ್‌ನಲ್ಲಿ ಅಸಲು ಪೂರ್ತಿ ಕಟ್ಟಬೇಕು. ಕಡಿಮೆ ಆಗುವುದು ಬಡ್ಡಿ, ಲೇಟ್ ಫೀ ಅಷ್ಟೇ. ಸಾಲದ ಸಲಹಾ ಕೇಂದ್ರದವರು ಸಾಲ ಕೊಟ್ಟವರ ಜೊತೆ ಮಾತಾಡುತ್ತಾರೆ. ಅವರು ಒಪ್ಪಿದರೆ ನಾವು ತಿಂಗಳಿಗೆ ಒಂದು ಮೊತ್ತ ಕೊಡುತ್ತೇವೆ, ಕೇಂದ್ರ ಅದನ್ನು ಎಲ್ಲರಿಗೂ ಹಂಚುತ್ತದೆ. ಸಾಮಾನ್ಯವಾಗಿ 3 ರಿಂದ 5 ವರ್ಷ ಹಿಡಿಯುತ್ತದೆ. "ಕಂತು ನಿಲ್ಲಿಸಿ, ಅರ್ಧ ಮನ್ನಾ" ಅನ್ನುವುದು ಸೆಟಲ್‌ಮೆಂಟ್. ಅದು ಬೇರೆಯೇ ಆಟ.

ಅಕ್ಕ: ನಿನಗೆ ಇಷ್ಟೆಲ್ಲ ಹೇಗೆ ಗೊತ್ತು?

ನಾನು: ಮೂರೂವರೆ ವರ್ಷ ನಾನೇ ಆ ಪ್ಲ್ಯಾನ್‌ನಲ್ಲಿ ಇದ್ದೆ ಅಕ್ಕ. ನಿಮಗೆ ಯಾರಿಗೂ ಹೇಳಿರಲಿಲ್ಲ.

ಅಮ್ಮ: ಯಾವಾಗ? ನನಗೂ ಹೇಳಲಿಲ್ಲವಲ್ಲ.

ನಾನು: ಹೇಳಬೇಕಿತ್ತು ಅಮ್ಮ. ಈಗ ಮುಗಿದಿದೆ. ನಿಧಾನವಾಗಿ ಕೂತು ಹೇಳುತ್ತೇನೆ. ಮೊದಲು ಅಣ್ಣನದು ಆಗಲಿ.

ಅಣ್ಣ: ಅಸಲು ಪೂರ್ತಿ ಕಟ್ಟುವುದಾದರೆ ನನಗೇನು ಲಾಭ? ಈಗಲೂ ಕಟ್ಟುತ್ತಲೇ ಇದ್ದೇನೆ. ಎರಡು ವರ್ಷದಿಂದ ಒಂದು ತಿಂಗಳೂ ತಪ್ಪಿಸಿಲ್ಲ. ಆದರೂ ಸಾಲ ಹಾಗೇ ಇದೆ.

ನಾನು: ಕ್ರೆಡಿಟ್ ಕಾರ್ಡಿನ ಬಿಲ್ಲಿನಲ್ಲಿ ಕನಿಷ್ಠ ಇಷ್ಟಾದರೂ ಕಟ್ಟಿ ಅಂತ ಇರುತ್ತದಲ್ಲ, ಆ ಮಿನಿಮಮ್ ಡ್ಯೂ ಮಾತ್ರ ಕಟ್ಟುತ್ತಿದ್ದೀಯ ಅಲ್ವಾ?

ಅಣ್ಣ: ಹೌದು. ಅದಕ್ಕೇ ದುಡ್ಡು ಸಾಕಾಗುತ್ತಿಲ್ಲ.

ನಾನು: ಹಾಗಾದರೆ ಈ ಲೆಕ್ಕ ನೋಡು. ಕಾರ್ಡಿನಲ್ಲಿ ಒಂದು ಲಕ್ಷ ಬಾಕಿ, ತಿಂಗಳಿಗೆ ಶೇಕಡಾ 3 ಬಡ್ಡಿ, ಮಿನಿಮಮ್ ಶೇಕಡಾ 5 ಅಂತ ಇಟ್ಟುಕೋ. ಮೊದಲ ತಿಂಗಳು 5,000 ಕಟ್ಟುತ್ತೀಯ. ಅದರಲ್ಲಿ 3,000 ಬಡ್ಡಿಗೇ ಹೋಯ್ತು. ಅಸಲಿಗೆ ಸೇರಿದ್ದು 2,000. ಮುಂದಿನ ತಿಂಗಳು ಮಿನಿಮಮ್ ಕೂಡ ಇಳಿಯುತ್ತದೆ. ನಮಗೆ ಖುಷಿ, ಕಡಿಮೆ ಕಟ್ಟುತ್ತೇವೆ. ಹೀಗೆ ಒಂದು ವರ್ಷದಲ್ಲಿ ಸುಮಾರು 54,000 ಕಟ್ಟಿರುತ್ತೀಯ. ಸಾಲ ಇಳಿದಿರುವುದು ಸುಮಾರು 21,500. ಅರ್ಧಕ್ಕೆ ಬರಲು ಮೂರು ವರ್ಷದ ಹತ್ತಿರ ಬೇಕು. ಅದೂ ಆ ಕಾರ್ಡನ್ನು ಮತ್ತೆ ಒಂದು ಸಲವೂ ಉಜ್ಜದಿದ್ದರೆ.

ನಾನು: ಈಗ ಮಿನಿಮಮ್ ಮರೆತು ಪ್ರತಿ ತಿಂಗಳೂ ಅದೇ 5,000 ಕಟ್ಟು. 31 ತಿಂಗಳಿಗೆ ಮುಗಿಯುತ್ತದೆ, ಒಟ್ಟು 1,55,000. ಪ್ಲ್ಯಾನ್‌ನಲ್ಲಿ ಬಡ್ಡಿಯನ್ನು ತಿಂಗಳಿಗೆ ಶೇಕಡಾ 1 ಕ್ಕೆ ಇಳಿಸಲು ಒಪ್ಪಿದರು ಅಂದುಕೋ. ಅದೇ 5,000 ಕ್ಕೆ 23 ತಿಂಗಳು, ಒಟ್ಟು ಸುಮಾರು 1,12,000. ನಿನ್ನ ಲಾಭ ಅದು. ಕೇಂದ್ರದ ತಿಂಗಳ ಶುಲ್ಕ ಇದ್ದರೆ ಅದನ್ನು ಕಳೆದು ನೋಡು.

ಅತ್ತಿಗೆ: ಇವರು ಕಟ್ಟುತ್ತಲೇ ಇದ್ದಾರೆ, ಆದರೂ ಯಾಕೆ ಇಳಿಯುತ್ತಿಲ್ಲ ಅಂತ ಎಷ್ಟೋ ಸಲ ಜಗಳ ಆಡಿದ್ದೇನೆ. ಹೀಗೆ ಅಂತ ಗೊತ್ತೇ ಇರಲಿಲ್ಲ.

ಅಕ್ಕ: ಆದರೂ ಅರ್ಧ ಮನ್ನಾ ಆದರೆ ಇನ್ನೂ ಒಳ್ಳೆಯದಲ್ವಾ? ನನ್ನ ಜೊತೆ ಕೆಲಸ ಮಾಡುವವರೊಬ್ಬರು ಸೆಟಲ್‌ಮೆಂಟ್ ಮಾಡಿಕೊಂಡು ಆರಾಮಾಗಿದ್ದಾರೆ. ಸುಮ್ನೆ ಯಾಕೆ ಪೂರ್ತಿ ಕಟ್ಟಬೇಕು?

ನಾನು: ಯಾವುದರ ಅರ್ಧ ಅಕ್ಕ? ಅದನ್ನು ಪೋಸ್ಟರಿನಲ್ಲಿ ಬರೆದಿಲ್ಲ. ಕಂತು ನಿಲ್ಲಿಸಿದರೆ ಬಡ್ಡಿ ನಿಲ್ಲುವುದಿಲ್ಲ. ತಿಂಗಳಿಗೆ ಶೇಕಡಾ 3 ಅಂದರೆ ಒಂದು ಲಕ್ಷ 24 ತಿಂಗಳಿಗೆ ಎರಡು ಲಕ್ಷ ದಾಟುತ್ತದೆ. ದಂಡ ಸೇರಿಸದೆಯೇ ಇಷ್ಟು. ಆಮೇಲೆ ಅದರಲ್ಲಿ ಅರ್ಧ ಬಿಟ್ಟರು ಅಂದುಕೋ. ಕೈಯಿಂದ ಹೋಗುವುದು ಮತ್ತೆ ಒಂದು ಲಕ್ಷವೇ! ಮೇಲೆ ಅವರ ಫೀಸು. ನಡುವೆ ವಸೂಲಿ ಕರೆಗಳು, ಕೋರ್ಟ್ ನೋಟಿಸ್ ಬರುವ ಭಯ, ಕ್ರೆಡಿಟ್ ರಿಪೋರ್ಟಿನಲ್ಲಿ ಪೂರ್ತಿ ತೀರಿಸಿಲ್ಲ ಅನ್ನುವ ಗುರುತು. ಸಾಲ ಕೊಟ್ಟವರು ಒಪ್ಪಲೇಬೇಕು ಅಂತಲೂ ಇಲ್ಲ.

ಅಕ್ಕ: ಎಲ್ಲರಿಗೂ ಪೂರ್ತಿ ಕಟ್ಟುವ ಶಕ್ತಿ ಇರಬೇಕಲ್ಲ. ಅವರಿಗೆ ಕೆಲಸವೇ ಹೋಗಿತ್ತು.

ನಾನು: ನಿಜ. ಆ ಮಾತು ಒಪ್ಪುತ್ತೇನೆ. ಸಂಪಾದನೆಯೇ ನಿಂತವರಿಗೆ ಈ ಪ್ಲ್ಯಾನ್ ಆಗುವುದಿಲ್ಲ. ಪ್ರತಿ ತಿಂಗಳೂ ಕಟ್ಟುವುದಕ್ಕೆ ಏನಾದರೂ ಬರುತ್ತಿರಬೇಕು. ಅಂಥವರು ನೇರವಾಗಿ ಸಾಲ ಕೊಟ್ಟವರ ಹತ್ತಿರ ಹೋಗಿ ಸೆಟಲ್‌ಮೆಂಟ್ ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಅಣ್ಣನಿಗೆ ಸಂಬಳ ಬರುತ್ತಿದೆ. ಅವನು ಯಾಕೆ ಬೇಕಂತಲೇ ಸುಸ್ತಿದಾರ ಆಗಬೇಕು?

ಚಿಕ್ಕಪ್ಪ: ನನ್ನ ಮಾತಿಗೆ ಯಾರೂ ಉತ್ತರ ಕೊಡಲಿಲ್ಲ. ಒಂದು ದೊಡ್ಡ ಲೋನ್ ತೆಗೆದರೆ ಈ ಮಧ್ಯಸ್ಥರ ಗೋಜೇ ಇಲ್ಲ.

ನಾನು: ಕಡಿಮೆ ಬಡ್ಡಿಗೆ ಸಿಕ್ಕರೆ ಒಳ್ಳೆಯದೇ ಚಿಕ್ಕಪ್ಪ. ಆದರೆ ನಾನು ಮೊದಲು ಮಾಡಿದ್ದು ಅದನ್ನೇ. ಲೋನ್ ತೆಗೆದೆ, ಮೂರು ಕಾರ್ಡಿನ ಬಾಕಿ ತೀರಿಸಿದೆ. ಕಾರ್ಡು ಮುಚ್ಚಿಸಲಿಲ್ಲ. ಒಂದೂವರೆ ವರ್ಷದಲ್ಲಿ ಮೂರೂ ಮತ್ತೆ ತುಂಬಿದವು. ಲೋನಿನ ಕಂತೂ ತಲೆಯ ಮೇಲೆ. ಒಂದು ಹೊರೆ ಎರಡಾಯಿತು. ಪ್ಲ್ಯಾನ್‌ಗೆ ಸೇರಿದಾಗ ಕಾರ್ಡು ಮುಚ್ಚಬೇಕು ಅಂದರು. ಆಗ ಬೇಜಾರಾಗಿತ್ತು. ಈಗ ಅನ್ನಿಸುತ್ತದೆ, ನನ್ನನ್ನು ಕಾಪಾಡಿದ್ದೇ ಅದು.

ಚಿಕ್ಕಪ್ಪ: ಅದು ಶಿಸ್ತಿನ ಮಾತು. ಲೋನಿನ ತಪ್ಪಲ್ಲ.

ನಾನು: ಸರಿ. ಆದರೆ ಆಗ ನನ್ನಲ್ಲಿ ಆ ಶಿಸ್ತು ಇರಲಿಲ್ಲ ಚಿಕ್ಕಪ್ಪ. ಇಲ್ಲದಿದ್ದಾಗ ಹೊರಗಿನ ಕಟ್ಟು ಬೇಕಾಗುತ್ತದೆ. ಇನ್ನೊಂದು ವಿಷಯ, ಅವಧಿ ಉದ್ದ ಮಾಡಿ ಕಂತು ಚಿಕ್ಕದು ಮಾಡಿದರೆ ಒಟ್ಟು ಬಡ್ಡಿ ಜಾಸ್ತಿ ಆಗಬಹುದು. ಕಂತು ಎಷ್ಟು ಅಂತ ಮಾತ್ರ ಕೇಳಿ ಸಹಿ ಹಾಕಬಾರದು.

ನಾನು: ಅಣ್ಣಾ, ನಿನ್ನ ಸಾಲದಲ್ಲಿ ಯಾವುದಕ್ಕಾದರೂ ಯಾರದ್ದಾದರೂ ಜಾಮೀನು ಇದೆಯಾ?

ಅಣ್ಣ: ಪರ್ಸನಲ್ ಲೋನಿಗೆ ಚಿಕ್ಕಪ್ಪನದು.

(ಇಲ್ಲಿ ಸ್ವಲ್ಪ ಹೊತ್ತು ಯಾರೂ ಏನೂ ಬರೆಯಲಿಲ್ಲ.)

ಚಿಕ್ಕಪ್ಪ: ನೀನು ಕಂತು ನಿಲ್ಲಿಸಿದರೆ ಅವರು ನನ್ನ ಹತ್ತಿರ ಬರುತ್ತಾರೆ. ಗೊತ್ತಿತ್ತಾ ನಿನಗೆ?

ಅಣ್ಣ: ಇಲ್ಲ ಚಿಕ್ಕಪ್ಪ. ದೇವರಾಣೆ ಅದು ಹೊಳೆಯಲೇ ಇಲ್ಲ. ನನ್ನ ಹೆಸರಿನ ಸಾಲ, ನನ್ನದೇ ತಾಪತ್ರಯ ಅಂದುಕೊಂಡಿದ್ದೆ.

ಅಮ್ಮ: ಅವನನ್ನು ಬೈಯಬೇಡಿ. ಇಷ್ಟು ಹೇಳಿಕೊಂಡಿದ್ದೇ ದೊಡ್ಡದು.

ಚಿಕ್ಕಪ್ಪ: ಬೈಯುತ್ತಿಲ್ಲ ಅತ್ತಿಗೆ. ಹೆದರಿಕೆ ಆಯ್ತು, ಅಷ್ಟೇ.

ನಾನು: ಅದಕ್ಕೇ ಹೇಳುತ್ತಿರುವುದು. ಯಾವ ಪ್ಲ್ಯಾನ್ ಆದರೂ, ಒಪ್ಪಿಗೆ ಬರಹದಲ್ಲಿ ಬರುವವರೆಗೆ ಒಂದು ಕಂತನ್ನೂ ನಿಲ್ಲಿಸಬೇಡ. ಜಾಮೀನಿನ ಸಾಲಕ್ಕೆ ಇದು ಎರಡು ಪಟ್ಟು ಅನ್ವಯ. ಮನೆ ಸಾಲ, ಗಾಡಿ ಸಾಲ ಇಂಥ ಪ್ಲ್ಯಾನ್‌ನಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಅಡವಿಟ್ಟ ವಸ್ತು ಇರುತ್ತದಲ್ಲ. ಅವುಗಳ ಕಂತು ಬೇರೆಯೇ ಕಟ್ಟಬೇಕು.

ಅಣ್ಣ: ಹಾಗಾದರೆ ಎಲ್ಲಿಂದ ಶುರು ಮಾಡಲಿ?

ನಾನು: ಒಂದು ಹಾಳೆಯಿಂದ. ಯಾರಿಗೂ ಫೋನ್ ಮಾಡುವ ಮೊದಲು ಪ್ರತಿ ಸಾಲಕ್ಕೂ ಒಂದು ಸಾಲು ಬರೆ. ಯಾರಿಗೆ, ಎಷ್ಟು ಬಾಕಿ, ಬಡ್ಡಿ ಎಷ್ಟು, ಕಂತು ಎಷ್ಟು, ಯಾವ ತಾರೀಕು, ಜಾಮೀನು ಯಾರದು. ನೆನಪಿನಿಂದ ಬರೆಯಬೇಡ, ಸ್ಟೇಟ್‌ಮೆಂಟ್ ನೋಡಿ ಬರೆ. ಆಪ್‌ನಲ್ಲಿ ತೆಗೆದ ಚಿಕ್ಕ ಸಾಲ, ಗೆಳೆಯರ ಕೈಸಾಲ ಎಲ್ಲ ಬರಲಿ. ನಾನು ಮೊದಲ ಸಲ ಒಂದನ್ನು ಮುಚ್ಚಿಟ್ಟಿದ್ದೆ. ಕೈಸಾಲ ಅಲ್ವಾ ಅಂತ. ನಾಲ್ಕನೇ ತಿಂಗಳು ಅದೇ ಎದ್ದು ಬಂತು, ಪ್ಲ್ಯಾನ್‌ನ ಕಂತು ತಪ್ಪಿತು. ಕಂತು ತಪ್ಪಿದರೆ ಇಳಿಸಿದ ಬಡ್ಡಿಯನ್ನು ಮತ್ತೆ ಏರಿಸಬಹುದು. ಒಬ್ಬರು ಏರಿಸಿಯೇಬಿಟ್ಟರು.

ನಾನು: ಆ ಹಾಳೆಯ ಹಿಂದೆ ಮನೆ ಖರ್ಚು ಬರೆ. ಉಸಿರು ಕಟ್ಟುವಷ್ಟು ಬಿಗಿ ಮಾಡಬೇಡ. ಕಾಯಿಲೆ, ರಿಪೇರಿ ಅಂತ ಸ್ವಲ್ಪ ಬದಿಗಿಡು. ಇಲ್ಲದಿದ್ದರೆ ಮೊದಲ ಜ್ವರಕ್ಕೇ ಹೊಸ ಸಾಲ ಆಗುತ್ತದೆ.

ಅಕ್ಕ: ಕೇಂದ್ರದವರು ಒಳ್ಳೆಯವರಾ ಅಂತ ತಿಳಿಯುವುದು ಹೇಗೆ?

ನಾನು: ಮೊದಲೇ ದೊಡ್ಡ ಫೀಸು ಕೇಳಿದರೆ ಎದ್ದು ಬಾ. ಕಂತು ನಿಲ್ಲಿಸು ಅಂದರೂ ಎದ್ದು ಬಾ. ನಿನ್ನ ಖರ್ಚು ನೋಡದೆ ಪ್ಲ್ಯಾನ್ ಕೊಟ್ಟರೆ ಅವರು ಸಲಹೆಗಾರರಲ್ಲ, ಮಾರುವವರು. ಸೇರಿದ ಮೇಲೂ ತಿಂಗಳು ತಿಂಗಳು ಸ್ಟೇಟ್‌ಮೆಂಟ್ ನೋಡಬೇಕು. ದುಡ್ಡು ತಲುಪಿತಾ, ಬಡ್ಡಿ ಇಳಿಯಿತಾ ಅಂತ. ಅಣ್ಣಾ, ನೇರವಾಗಿ ಬ್ಯಾಂಕಿಗೇ ಫೋನ್ ಮಾಡಿ "ಕಷ್ಟದಲ್ಲಿದ್ದೇನೆ, ಕಂತು ಹೊಂದಿಸಿ ಕೊಡಿ" ಅಂತ ಕೇಳಲೂಬಹುದು. ಎರಡೇ ಸಾಲ ಇದ್ದರೆ ಮಧ್ಯದವರೇ ಬೇಡ.

ಅಣ್ಣ: ಎರಡಲ್ಲ. ಐದಿದೆ.

ಅತ್ತಿಗೆ: ಆರು.

ಅಣ್ಣ: ಆರನೆಯದು ಯಾವುದು?

ಅತ್ತಿಗೆ: ನನ್ನ ಹೆಸರಲ್ಲಿ ಒಂದಿದೆ. ಹೋದ ವರ್ಷ ನಿಮ್ಮ ಕಾರ್ಡಿನ ಕಂತಿಗೆ ದುಡ್ಡು ಸಾಲದೆ ಇದ್ದಾಗ ಆಪ್‌ನಲ್ಲಿ ತೆಗೆದಿದ್ದೆ. ಹೇಳುವ ಧೈರ್ಯ ಬರಲಿಲ್ಲ.

ಅಣ್ಣ: ಈಗಲೇ ಹೊರಗೆ ಬಾ. ಕೂತು ಬರೆಯೋಣ.

(ಅಲ್ಲಿಂದ ಒಂದೂಕಾಲು ಗಂಟೆ ಗುಂಪು ಸುಮ್ಮನಿತ್ತು. ಆಮೇಲೆ ಅಣ್ಣ ಹಾಳೆಯ ಫೋಟೋ ಹಾಕಿದ. ಆರು ಸಾಲು. ಬರಹ ಅರ್ಧ ಅವನದು, ಅರ್ಧ ಅತ್ತಿಗೆಯದು.)

ಅಣ್ಣ: ಆಪ್ ಸಾಲದ್ದೇ ಎಲ್ಲಕ್ಕಿಂತ ಜಾಸ್ತಿ ಬಡ್ಡಿ. ಮೊದಲು ಅದಾ?

ನಾನು: ಬಡ್ಡಿ ಲೆಕ್ಕಕ್ಕೆ ಅದೇ ಮೊದಲು. ಬಾಕಿಯಲ್ಲೂ ಅದೇ ಚಿಕ್ಕದು ಕಾಣುತ್ತದೆ. ಹಾಗಾಗಿ ಯೋಚನೆಯೇ ಬೇಡ. ಮಿಕ್ಕಿದ್ದಕ್ಕೆ ನಾಳೆ ಬೆಳಿಗ್ಗೆ ಇಬ್ಬರೂ ಸೇರಿ ಫೋನ್ ಮಾಡೋಣ, ನಾನು ಲೈನಿನಲ್ಲಿ ಇರುತ್ತೇನೆ. ಯಾರ ಹತ್ತಿರ ಮಾತಾಡಿದೆ, ಏನು ಅಂದರು ಅಂತ ತಾರೀಕು ಹಾಕಿ ಬರೆದಿಟ್ಟುಕೋ.

ಚಿಕ್ಕಪ್ಪ: ಜಾಮೀನಿನ ಸಾಲದ ಕಂತು ಯಾವತ್ತು?

ಅಣ್ಣ: ನಾಳಿದ್ದು ಇತ್ತು ಚಿಕ್ಕಪ್ಪ. ಈಗಷ್ಟೇ ಕಟ್ಟಿದೆ. ರಸೀದಿ ನಿಮಗೆ ಬೇರೆಯಾಗಿ ಕಳಿಸಿದ್ದೇನೆ.

ಚಿಕ್ಕಪ್ಪ: ಬಂತು. ನಾಳೆ ಫೋನ್ ಮಾಡುವಾಗ ನನ್ನನ್ನೂ ಸೇರಿಸಿಕೊಳ್ಳಿ.